15ಲಿ 23' ಓ: ಡಿಗ್ರಿ ಗುರುತು ಹೊಡೆಯಲು ಯಾವ ದಾರಿ ಹಿಡಿಯಬೇಕು?

ಧಾರವಾಡದಲ್ಲಿ ನನ್ನದೊಂದು ಸಣ್ಣ ಡಿ.ಟಿ.ಪಿ. ಅಂಗಡಿ. ಥೀಸಿಸ್, ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್, ಲಗ್ನಪತ್ರಿಕೆ, ಎಲ್ಲಾ ಬರುತ್ತವೆ. ಮೊನ್ನೆ ಒಬ್ಬ ಹುಡುಗ ಒಂದು ಕೈಯಲ್ಲಿ ಪೆನ್ ಡ್ರೈವ್, ಇನ್ನೊಂದು ಕೈಯಲ್ಲಿ ಪ್ರಿಂಟ್ ಹಿಡಿದು ಓಡಿ ಬಂದ. ಗದಗ ಜಿಲ್ಲೆಯ ಶಾಸನಗಳ ಮೇಲೆ ಅವನ ಥೀಸಿಸ್. ಯಾವ ಶಾಸನ ಎಲ್ಲಿದೆ ಎಂದು ಅಕ್ಷಾಂಶ, ರೇಖಾಂಶ ಕೊಟ್ಟು ದೊಡ್ಡ ಕೋಷ್ಟಕ ಮಾಡಿದ್ದ. ಲಕ್ಕುಂಡಿಯ ಸಾಲು ಹೀಗಿತ್ತು:

15ಲಿ 23' ಓ, 75ಲಿ 43' ಇ

"ಸರ, ಇದೇನ್ರಿ ಇದು? ನಾ ಮನ್ಯಾಗ ಡಿಗ್ರಿ ಗುರ್ತನ ಹೊಡದಿದ್ದೆ. ಗೈಡ್ ಕೇಳಿದ್ರ ಏನ್ ಹೇಳ್ಲಿ?"

ಅವನು ಹೊಡೆದದ್ದು ಸರಿಯಾಗಿಯೇ ಇತ್ತು. ಟೈಪಿಂಗ್ ಮಾಡಿಕೊಟ್ಟವರು ಕೊನೆಗೆ ಇಡೀ ಫೈಲ್ ಸೆಲೆಕ್ಟ್ ಮಾಡಿ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟ್ ಹಾಕಿಬಿಟ್ಟಿದ್ದರು. ಆ ಫಾಂಟ್‌ನಲ್ಲಿ ಡಿಗ್ರಿ ಗುರುತಿನ ಮನೆಯಲ್ಲಿ ಕೂತಿರುವುದು 'ಲಿ' ಅಕ್ಷರ. ಉತ್ತರಕ್ಕೆ ಹಾಕಿದ ಇಂಗ್ಲಿಷಿನ ಎನ್ 'ಓ' ಆಗಿತ್ತು. ಪೂರ್ವಕ್ಕೆ ಹಾಕಿದ ಇಂಗ್ಲಿಷಿನ ಇ ಮಾತ್ರ ಕನ್ನಡದಲ್ಲೂ 'ಇ' ಆಗಿ ಬಂದಿತ್ತು. ಪುಣ್ಯಕ್ಕೆ ಅದೊಂದಾದರೂ ಸರಿ ಬಂತು!

ಈ ಗುರುತಿನ ಸಲುವಾಗಿ ವಾರಕ್ಕೆ ಒಬ್ಬರಾದರೂ ನನ್ನನ್ನು ಕೇಳುತ್ತಾರೆ. "ಡಿಗ್ರಿ ಮ್ಯಾಲಿನ ಸೊನ್ನಿ ಹೆಂಗ ಹೊಡಿಯೋದ್ರಿ?" ಅಂತ. ಯೂಟ್ಯೂಬ್ ನೋಡಿದರೆ ಹತ್ತು ಜನ ಹತ್ತು ದಾರಿ ಹೇಳುತ್ತಾರೆ, ಕೇಳುವವರಿಗೆ ತಲೆ ಇನ್ನಷ್ಟು ಕೆಡುತ್ತದೆ. ದಾರಿಗಳೆಲ್ಲಾ ಸರಿಯಾದವೇ. ನಿಮ್ಮ ಕೆಲಸಕ್ಕೆ ಯಾವುದು ಹೊಂದುತ್ತದೆ ಅನ್ನುವುದೇ ಪ್ರಶ್ನೆ.

ಮೊದಲು ಇಷ್ಟು ನೋಡಿಕೊಳ್ಳಿ

ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ: ಇದನ್ನು ಓದುವವರು ಯಾರು? ಮನುಷ್ಯರಾ, ಮಷೀನಾ? ಗೂಗಲ್ ಮ್ಯಾಪ್‌ನ ಹುಡುಕುವ ಜಾಗಕ್ಕೋ ಯಾವುದೋ ಆನ್‌ಲೈನ್ ಅರ್ಜಿಗೋ ಹಾಕುವುದಾದರೆ ಲೆಕ್ಕ ಬೇರೆ. ಗೈಡ್, ಪರೀಕ್ಷಕರು, ಸಾಹೇಬರು ಓದುವ ಕಾಗದವಾದರೆ ಲೆಕ್ಕವೇ ಬೇರೆ.

ಆಮೇಲೆ, ಎಷ್ಟು ಸಾಲು ಇದೆ? ಎರಡು ಜಾಗದ ವಿವರಕ್ಕೆ ಒಂದು ದಾರಿ, ಇನ್ನೂರು ಜಾಗಕ್ಕೆ ಇನ್ನೊಂದು. ಮೂರನೆಯದು ಕೀಬೋರ್ಡ್. ಬಲಗಡೆ ನಂಬರ್ ಪ್ಯಾಡ್ ಇದೆಯೋ ಇಲ್ಲವೋ? ಈಗಿನ ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಅದು ಇರುವುದಿಲ್ಲ, ಅರ್ಧ ಜನ ಎಡವುವುದೇ ಅಲ್ಲಿ. ಕೊನೆಯದು, ನೀವು ಟೈಪ್ ಮಾಡಿದ ಫೈಲ್ ಮುಂದೆ ಎಲ್ಲಿಗೆ ಹೋಗುತ್ತದೆ? ಬೇರೆ ಫಾಂಟ್‌ಗೆ, ಬೇರೆ ಪ್ರೋಗ್ರಾಮ್‌ಗೆ ಹೋದಾಗಲೂ ಗುರುತು ಗುರುತಾಗಿಯೇ ಉಳಿಯಬೇಕಲ್ಲ.

ದುಡ್ಡಿನ ಮಾತು ಇಲ್ಲಿ ಹೆಚ್ಚಿಲ್ಲ. ಮುಂದೆ ಹೇಳುವುದರಲ್ಲಿ ಬಹುತೇಕ ಎಲ್ಲವೂ ಪುಕ್ಕಟೆ. ಖರ್ಚಾಗುವುದು ಸಮಯ, ಮತ್ತೆ ತಪ್ಪಾದರೆ ಮರುಪ್ರಿಂಟಿನ ಕಾಸು.

ಗುರುತು ಮೂರು, ನಕಲಿಗಳು ಹತ್ತು

ಬೇಕಾದ ಗುರುತುಗಳು ಮೂರೇ. ಡಿಗ್ರಿಗೆ °, ಮಿನಿಟ್‌ಗೆ ′, ಸೆಕೆಂಡ್‌ಗೆ ″. ಒಂದು ಡಿಗ್ರಿಗೆ 60 ಮಿನಿಟ್, ಒಂದು ಮಿನಿಟ್‌ಗೆ 60 ಸೆಕೆಂಡ್. ಪಂಚಾಂಗ ನೋಡುವವರಿಗೆ ಇದೇನು ಹೊಸದಲ್ಲ. ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ ಅಂತ ಎಣಿಸುತ್ತೇವಲ್ಲ, ಅದೇ ಅರವತ್ತರ ಲೆಕ್ಕ. ಮಿನಿಟ್ ಎಂಬ ಮಾತು ಬಂದದ್ದು ಲ್ಯಾಟಿನ್‌ನ 'ಮೊದಲ ಸಣ್ಣ ಭಾಗ' ಎಂಬ ಅರ್ಥದ ಮಾತಿನಿಂದ, ಸೆಕೆಂಡ್ ಬಂದದ್ದು 'ಎರಡನೇ ಸಣ್ಣ ಭಾಗ'ದಿಂದ. ಮೊದಲನೆಯದಕ್ಕೆ ಒಂದು ಗೆರೆ, ಎರಡನೆಯದಕ್ಕೆ ಎರಡು ಗೆರೆ ಅಂತ ನೆನಪಿಟ್ಟುಕೊಂಡರೆ ಯಾವತ್ತೂ ಅದಲುಬದಲಾಗುವುದಿಲ್ಲ.

ತಾಪತ್ರಯ ಕೊಡುವುದು ನಕಲಿಗಳು. ° ಥರವೇ ಕಾಣುವ º ಎಂಬುದೊಂದಿದೆ. ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳಲ್ಲಿ 'ಒಂದನೆಯ', 'ಎರಡನೆಯ' ಎಂದು ಬರೆಯಲು ಬಳಸುವ ಅಕ್ಷರ ಅದು. ಕೆಲವು ಫಾಂಟ್‌ಗಳಲ್ಲಿ ಅದರ ಕೆಳಗೊಂದು ಗೆರೆಯೂ ಬರುತ್ತದೆ. ˚ ಎಂಬ ಇನ್ನೊಂದು ಬಳೆ ಇದೆ, ಅದೂ ಬೇರೆಯೇ. ಕಣ್ಣಿಗೆ ಎಲ್ಲಾ ಒಂದೇ. ಆದರೆ ಫೈಲ್‌ನಲ್ಲಿ ° ಹುಡುಕಿದರೆ º ಸಿಗುವುದಿಲ್ಲ, ಮಷೀನ್ ಅದನ್ನು ಡಿಗ್ರಿ ಎಂದು ಒಪ್ಪುತ್ತದೆ ಎಂಬ ಖಾತ್ರಿಯೂ ಇಲ್ಲ.

ಮಿನಿಟ್, ಸೆಕೆಂಡ್‌ಗೆ ಕೀಬೋರ್ಡಿನ ನೆಟ್ಟಗಿನ ' ಮತ್ತು " ಹಾಕಿದರೆ ನನ್ನ ಮಟ್ಟಿಗೆ ಏನೂ ತಪ್ಪಿಲ್ಲ. ಗೂಗಲ್ ಮ್ಯಾಪ್ ಕೂಡ ಹಾಗೇ ತೋರಿಸುತ್ತದೆ. ಆದರೆ ವರ್ಡ್ ಸುಮ್ನೆ ಇರಬೇಕಲ್ಲ! ಅದು ಇವನ್ನು ಬಾಗಿಸಿ ’ ಮತ್ತು ” ಮಾಡಿಬಿಡುತ್ತದೆ. 23’ ಎಂದು ಪ್ರಿಂಟ್ ಆದರೆ ಓದುವವರಿಗೆ ಅರ್ಥವಾಗುತ್ತದೆ, ನೋಡಲು ಮಾತ್ರ ಎಲ್ಲೋ ಒಂದು ಕೋಟ್ ಮುಚ್ಚಿದಂತೆ ಕಾಣುತ್ತದೆ. ಬಾಗಿದ ತಕ್ಷಣ ಕಂಟ್ರೋಲ್ ಝಡ್ ಒತ್ತಿದರೆ ಆ ಒಂದು ಮಾತ್ರ ನೆಟ್ಟಗಾಗುತ್ತದೆ. ಪೂರ್ತಿ ನಿಲ್ಲಿಸಲು ಫೈಲ್, ಆಪ್ಶನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಶನ್ಸ್‌ಗೆ ಹೋಗಿ, 'ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್' ಹಾಳೆಯಲ್ಲಿ ಸ್ಮಾರ್ಟ್ ಕೋಟ್ಸ್ ಮುಂದಿನ ಟಿಕ್ ತೆಗೆಯಿರಿ.

ದಾರಿ ಒಂದು: ಗುರುತೇ ಬೇಡ

ಮಷೀನ್ ಓದುವುದಾದರೆ ನನ್ನ ಸಲಹೆ ಒಂದೇ. ಗುರುತಿನ ಗೊಡವೆಗೇ ಹೋಗಬೇಡಿ, ದಶಾಂಶದಲ್ಲಿ ಬರೆಯಿರಿ. 15.3647, 75.1239 ಎಂದು ಹೊಡೆದರೆ ಸಾಕು, ಪಿನ್ ಹುಬ್ಬಳ್ಳಿಯಲ್ಲಿ ಬೀಳುತ್ತದೆ. ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ದಶಾಂಶಕ್ಕೆ ಚುಕ್ಕೆ, ನಡುವೆ ಅಲ್ಪವಿರಾಮ. ನಾಲ್ಕು ದಶಾಂಶ ಸ್ಥಾನ ಕೊಟ್ಟರೆ ಸುಮಾರು 11 ಮೀಟರ್‌ವರೆಗೆ ಹಿಡಿಯಬಹುದು, ಐದು ಕೊಟ್ಟರೆ ಒಂದು ಮೀಟರ್ ಆಸುಪಾಸು. ಹೊಲದಲ್ಲಿ ಮಣ್ಣಿನ ಸ್ಯಾಂಪಲ್ ತೆಗೆದ ಜಾಗಕ್ಕೆ ಐದು ಧಾರಾಳವಾಯಿತು.

ಈ ದಾರಿಯಲ್ಲೇ ಒಂದು ದೊಡ್ಡ ಗುಂಡಿ ಇದೆ. ನಮ್ಮ ಜನ ತುಂಬಾ ಬೀಳುತ್ತಾರೆ. ಕೈಯಲ್ಲಿರುವುದು 15 ಡಿಗ್ರಿ 21 ಮಿನಿಟ್ 53 ಸೆಕೆಂಡ್. ಗುರುತು ಸಿಗುವುದಿಲ್ಲ ಅಂತ ಅದನ್ನೇ 15.2153 ಎಂದು ಬರೆದುಬಿಡುತ್ತಾರೆ. ಅದು ದಶಾಂಶ ಅಲ್ಲವೇ ಅಲ್ಲ. ಸರಿಯಾದ ಲೆಕ್ಕ 15 + 21/60 + 53/3600, ಅಂದರೆ 15.3647. ಈ ಎರಡರ ನಡುವಿನ ವ್ಯತ್ಯಾಸ ಡಿಗ್ರಿಯಲ್ಲಿ 0.15ರಷ್ಟೇ. ನೆಲದ ಮೇಲೆ ಅದು ಹದಿನಾರೂವರೆ ಕಿಲೋಮೀಟರ್! ರೇಖಾಂಶವನ್ನೂ ಹೀಗೇ ಬರೆದರೆ ಪಡುವಣಕ್ಕೆ ಇನ್ನೂ ಐದೂವರೆ ಕಿಲೋಮೀಟರ್ ಸರಿಯುತ್ತದೆ. ಹುಬ್ಬಳ್ಳಿಯಲ್ಲಿ ಬೀಳಬೇಕಾದ ಪಿನ್ ತೆಂಕಣ ದಿಕ್ಕಿನಲ್ಲಿ ಯಾರದೋ ಹೊಲದ ನಡುವೆ ಹೋಗಿ ಕೂರುತ್ತದೆ. ಮ್ಯಾಪ್ ಏನೂ ತಕರಾರು ಮಾಡುವುದಿಲ್ಲ, ಅದಕ್ಕೆ ಅದೂ ಒಂದು ಜಾಗವೇ.

ಲೆಕ್ಕ ಹಾಕುವುದು ಬೇಡ ಎಂದರೆ ಗೂಗಲ್ ಮ್ಯಾಪ್‌ಗೆ ಬರೀ ಸ್ಪೇಸ್ ಬಿಟ್ಟು 15 21 53, 75 07 26 ಎಂದು ಕೊಟ್ಟರೂ ಅರ್ಥ ಮಾಡಿಕೊಳ್ಳುತ್ತದೆ. ಇದರ ಹಿಮ್ಮುಖವೂ ಉಪಯೋಗಕ್ಕೆ ಬರುತ್ತದೆ. ಕಂಪ್ಯೂಟರಿನಲ್ಲಿ ಮ್ಯಾಪ್ ತೆರೆದು ಬೇಕಾದ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ. ಮೇಲುಗಡೆ ದಶಾಂಶದ ಅಂಕಿ ಬರುತ್ತದೆ, ಅದರ ಮೇಲೆ ಒತ್ತಿದರೆ ಕಾಪಿ ಆಗುತ್ತದೆ. ಅದನ್ನೇ ಮತ್ತೆ ಹುಡುಕಿದರೆ ಪಕ್ಕದ ಫಲಕದಲ್ಲಿ ಡಿಗ್ರಿ, ಮಿನಿಟ್, ಸೆಕೆಂಡ್ ಗುರುತಿನ ಸಮೇತ ಬರೆದಿರುತ್ತದೆ. ಒಂದೆರಡು ಜಾಗ ಮಾತ್ರ ಬೇಕಿದ್ದವರು ಅಲ್ಲಿಂದಲೇ ಎತ್ತಿಕೊಳ್ಳಬಹುದು. ಕೀಬೋರ್ಡ್ ಮುಟ್ಟುವುದೇ ಬೇಡ.

ದಶಾಂಶ ಹೊಂದದ ಕಡೆಯೂ ಇದೆ. ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ (ಸರ್ಕಾರಿ ಭೂನಕ್ಷೆ) ಇಟ್ಟುಕೊಂಡು ಕೆಲಸ ಮಾಡುವ ಭೂಗೋಳ, ಭೂವಿಜ್ಞಾನದ ಹುಡುಗರಿಗೆ ಅಂಚಿನಲ್ಲಿ ಕಾಣುವುದು ಡಿಗ್ರಿ-ಮಿನಿಟ್. ಹುಬ್ಬಳ್ಳಿ, ಗದಗ ಬರುವುದು 48 ಎಂ ಭಾಗದ ಶೀಟ್‌ಗಳಲ್ಲಿ, ಹಾವೇರಿ 48 ಎನ್‌ನಲ್ಲಿ. 50,000ಕ್ಕೆ ಒಂದರ ಅಳತೆಯ ಒಂದೊಂದು ಶೀಟ್ ಆ ಕಡೆ 15 ಮಿನಿಟ್, ಈ ಕಡೆ 15 ಮಿನಿಟ್. ಅದರ ಜೊತೆ ಹೋಲಿಸಿ ನೋಡುವ ಗೈಡ್ ಮುಂದೆ ದಶಾಂಶ ಇಟ್ಟರೆ ಅವರು ಕ್ಯಾಲ್ಕುಲೇಟರ್ ಹುಡುಕಬೇಕಾಗುತ್ತದೆ. ಜಾತಕ ಹಾಕುವವರೂ ಅಷ್ಟೇ, ಹುಟ್ಟಿದ ಊರನ್ನು ಡಿಗ್ರಿ-ಮಿನಿಟ್‌ನಲ್ಲೇ ಕೇಳುತ್ತಾರೆ.

ಆಲ್ಟ್ ಮತ್ತು ನಾಲ್ಕು ಅಂಕಿ

ಇದು ನಮ್ಮ ಕಸುಬಿನವರ ಹಳೆಯ ದಾರಿ. ನಮ್ ಲಾಕ್ ಹಾಕಿ, ಆಲ್ಟ್ ಒತ್ತಿ ಹಿಡಿದು, ಬಲಗಡೆಯ ಪ್ಯಾಡ್‌ನಲ್ಲಿ 0176 ಒತ್ತಿ ಕೈ ಬಿಟ್ಟರೆ ° ಬಂತು. 248 ಒತ್ತಿದರೂ ಬರುತ್ತದೆ. ವರ್ಡ್, ಎಕ್ಸೆಲ್, ನೋಟ್‌ಪ್ಯಾಡ್, ಬ್ರೌಸರ್, ಎಲ್ಲಾ ಕಡೆ ನಡೆಯುತ್ತದೆ. ಒಮ್ಮೆ ಬೆರಳಿಗೆ ಕೂತರೆ ಕಣ್ಣು ಮುಚ್ಚಿ ಹೊಡೆಯಬಹುದು.

ಮುಂದಿನ ಸೊನ್ನೆ ಮಾತ್ರ ಮರೆಯಬೇಡಿ. 0176 ಬದಲು 176 ಒತ್ತಿದರೆ ░ ಎಂಬ ಚುಕ್ಕೆಚುಕ್ಕೆ ಡಬ್ಬಿ ಬರುತ್ತದೆ. 0186 ಅಥವಾ 167 ಒತ್ತಿದರೆ ಆಗಲೇ ಹೇಳಿದ ನಕಲಿ º. ಎಲ್ಲೋ ಓದಿ 167 ಬಾಯಿಪಾಠ ಮಾಡಿಕೊಂಡು, ವರ್ಷಗಟ್ಟಲೆ ನಕಲಿಯನ್ನೇ ಹೊಡೆಯುತ್ತಾ ಬಂದವರನ್ನು ನಾನೇ ಕಂಡಿದ್ದೇನೆ.

ಕೀಬೋರ್ಡಿನ ಮೇಲಿನ ಸಾಲಿನ ಅಂಕಿಗಳಿಂದ ಇದು ಆಗುವುದಿಲ್ಲ, ಪ್ಯಾಡ್ ಬೇಕೇ ಬೇಕು. ಲ್ಯಾಪ್‌ಟಾಪ್‌ಗೆ ಯುಎಸ್‌ಬಿಯ ಬಿಡಿ ನಂಬರ್ ಪ್ಯಾಡ್ ಸಿಗುತ್ತದೆ, ಕೆಲವು ನೂರು ರೂಪಾಯಿ ಅಷ್ಟೇ. ದಿನಾ ಅಂಕಿಸಂಖ್ಯೆ ತುಂಬುವವರಾದರೆ ತೆಗೆದುಕೊಳ್ಳಿ, ಬರೀ ಡಿಗ್ರಿಗಾಗಿ ಬೇಡ. ಅಸಲಿ ′ ಮತ್ತು ″ ಎಲ್ಲಾ ಪ್ರೋಗ್ರಾಮ್‌ಗಳಲ್ಲೂ ಈ ದಾರಿಯಲ್ಲಿ ಸಿಗುವುದಿಲ್ಲ ಎಂಬುದೂ ಗೊತ್ತಿರಲಿ.

ವರ್ಡ್‌ನ ಒಳದಾರಿಗಳು

ವರ್ಡ್‌ನಲ್ಲಿ ಮಾತ್ರ ಕೆಲಸ ಇರುವವರಿಗೆ ನಂಬರ್ ಪ್ಯಾಡ್ ಇಲ್ಲದ ಸುಲಭ ದಾರಿ ಒಂದಿದೆ. ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು @ ಒತ್ತಿ, ಎಲ್ಲಾ ಬಿಟ್ಟು ಸ್ಪೇಸ್ ಒತ್ತಿದರೆ ° ಬರುತ್ತದೆ. ಇಷ್ಟು ಸರಳವಾದದ್ದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಇನ್ನೊಂದು ಆಲ್ಟ್-ಎಕ್ಸ್. ಯೂನಿಕೋಡ್ ಅಂದರೆ ಎಲ್ಲಾ ಭಾಷೆಗಳ ಅಕ್ಷರ, ಗುರುತಿಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಪಟ್ಟಿ. ಗುರುತಿನ ಯೂನಿಕೋಡ್ ಸಂಖ್ಯೆ ಬರೆದು ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಸಂಖ್ಯೆ ಗುರುತಾಗುತ್ತದೆ. ಮಿನಿಟ್‌ಗೆ 2032, ಸೆಕೆಂಡ್‌ಗೆ 2033. ಅಸಲಿ ′ ″ ಬೇಕು ಎಂದು ಹಟ ಹಿಡಿಯುವ ಜರ್ನಲ್‌ಗಳಿಗೆ ಇದು ಒಳ್ಳೆಯದು. ಆದರೆ ಅಕ್ಷಾಂಶ ಬರೆಯುವಾಗಲೇ ಇದು ಕೈ ಕೊಡುತ್ತದೆ, ಯಾಕೆ ಗೊತ್ತಾ? ಗುರುತು ಬರುವುದು ಅಂಕಿಯ ಬೆನ್ನಿಗೆ. 23 ಬರೆದು ಅದಕ್ಕೆ ಅಂಟಿಸಿ 2032 ಬರೆದರೆ 232032 ಆಯಿತು. ವರ್ಡ್‌ಗೆ ಎಲ್ಲಿಂದ ಎಣಿಸಬೇಕು ಎಂದು ಗೊತ್ತಾಗದೆ ಏನೋ ಒಂದು ತಂದು ಕೂರಿಸುತ್ತದೆ. ಕೊನೆಯ ನಾಲ್ಕು ಅಂಕಿ ಮಾತ್ರ ಸೆಲೆಕ್ಟ್ ಮಾಡಿ ಆಮೇಲೆ ಒತ್ತಬೇಕು. ಪ್ರತಿ ಸಲ ಇಷ್ಟು ಮಾಡುವ ತಾಳ್ಮೆ ನನಗಂತೂ ಇಲ್ಲ.

ಇನ್ಸರ್ಟ್, ಸಿಂಬಲ್ ಪೆಟ್ಟಿಗೆ ಎಲ್ಲರಿಗೂ ಗೊತ್ತಿರುವುದೇ. ನಿಧಾನ, ಆದರೆ ತಪ್ಪುವುದಿಲ್ಲ. ಪೆಟ್ಟಿಗೆಯಲ್ಲಿ ಹೆಸರು ಓದಿ ಒತ್ತಿ, ಆಕಾರ ನೋಡಿ ಒತ್ತಬೇಡಿ.

ಒತ್ತುವುದೇ ಬೇಡ, ಎತ್ತಿ ಹಾಕೋಣ

2019ರ ನಂತರದ ವಿಂಡೋಸ್ 10 ಅಥವಾ 11 ಇದ್ದರೆ ವಿಂಡೋಸ್ ಕೀ ಹಿಡಿದು ಚುಕ್ಕೆ ಒತ್ತಿ. ಎಮೋಜಿ ಫಲಕ ಬರುತ್ತದೆ, ಅದರಲ್ಲೇ ಚಿಹ್ನೆಗಳ ಹಾಳೆಯೂ ಇದೆ. ಮೊದಲ ಸಲ ಹುಡುಕಬೇಕು. ಒಮ್ಮೆ ಬಳಸಿದರೆ ಇತ್ತೀಚಿನವುಗಳ ಸಾಲಿಗೆ ಬಂದು ಕೂರುತ್ತದೆ. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪಿನವರು, ಅಪರೂಪಕ್ಕೆ ಒಂದೆರಡು ಸಲ ಬೇಕಾಗುವವರು ಇದನ್ನೇ ಹಿಡಿಯಿರಿ. ಹಳೆಯ ವಿಂಡೋಸ್ ಆದರೆ ಕ್ಯಾರೆಕ್ಟರ್ ಮ್ಯಾಪ್ ಇದೆ.

ಫೋನ್‌ನಲ್ಲಿ ಇನ್ನೂ ಸುಲಭ. ಜಿಬೋರ್ಡ್‌ನಲ್ಲಿ ಚಿಹ್ನೆಗಳ ಎರಡನೇ ಹಾಳೆಯಲ್ಲೇ ° ಇದೆ. ಐಫೋನ್‌ನಲ್ಲಿ ಸೊನ್ನೆಯನ್ನು ಒತ್ತಿ ಹಿಡಿದರೆ ಬರುತ್ತದೆ. ಕಪ್ಪತಗುಡ್ಡ ಸುತ್ತಿ ಗಿಡಗಳ ಜಾಗ ಗುರುತು ಮಾಡಿಕೊಂಡು ಬರುವವರು ಫೋನಿನಲ್ಲೇ ಪೂರ್ತಿ ಬರೆದು ವಾಟ್ಸಾಪ್‌ನಲ್ಲಿ ತಮಗೇ ಕಳಿಸಿಕೊಂಡರೆ ಆಯಿತು, ಕಂಪ್ಯೂಟರ್‌ನಲ್ಲಿ ಬರೀ ಪೇಸ್ಟ್.

ಇನ್ನು ಮ್ಯಾಕ್‌ನವರಿಗೆ ಆಪ್ಶನ್, ಶಿಫ್ಟ್, 8. ಆಪ್ಶನ್ ಜೊತೆ ಕೆ ಒತ್ತಿದರೆ ಬರುವುದು ಬಳೆ ˚, ಡಿಗ್ರಿ ಅಲ್ಲ. ಲಿನಕ್ಸ್‌ನವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಅವರೇ ನನಗೆ ಹೇಳಿಕೊಡುತ್ತಾರೆ.

ಕೀಬೋರ್ಡನ್ನೇ ಯುಎಸ್ ಇಂಟರ್‌ನ್ಯಾಷನಲ್‌ಗೆ ಬದಲಿಸಿ ಎನ್ನುವವರೂ ಇದ್ದಾರೆ. ಅದರಲ್ಲಿ ಬಲಗಡೆಯ ಆಲ್ಟ್, ಶಿಫ್ಟ್ ಹಿಡಿದು ಸೆಮಿಕೋಲನ್ ಒತ್ತಿದರೆ ° ಬರುತ್ತದೆ, ನಿಜ. ಆದರೆ ' ಒತ್ತಿದರೆ ಅದು ತಕ್ಷಣ ಬರುವುದಿಲ್ಲ, ಮುಂದಿನ ಅಕ್ಷರಕ್ಕೆ ಕಾಯುತ್ತದೆ. 43' ಬರೆದು ಪೂರ್ವದ ಇ ಹಾಕಿದಿರೋ, ಆ ಇ ತಲೆಯ ಮೇಲೆ ಗೆರೆ ಹೊತ್ತುಕೊಂಡು ಫ್ರೆಂಚ್ ಅಕ್ಷರವಾಗಿ ಬರುತ್ತದೆ, ಮಿನಿಟ್ ಗುರುತು ಮಾಯ. ಈ ಕೆಲಸಕ್ಕೆ ಇದು ಬೇಡವೇ ಬೇಡ.

ನೂರಾರು ಸಾಲು ಇದ್ದರೆ

ಬ್ಯಾಡಗಿ, ಹಾನಗಲ್ಲ ಕಡೆ ಹೊಲಹೊಲ ತಿರುಗಿ ಇನ್ನೂರು ಸ್ಯಾಂಪಲ್ ತಂದಿದ್ದಾರೆ ಅಂತ ಇಟ್ಟುಕೊಳ್ಳಿ. ಒಂದು ಸಾಲಿಗೆ ಆರು ಗುರುತು, ಒಟ್ಟು ಸಾವಿರದ ಇನ್ನೂರು. ಒಂದೊಂದಕ್ಕೂ ಆಲ್ಟ್ ಹಿಡಿಯುತ್ತಾ ಕೂತರೆ ಬೆರಳು ಸೋಲುತ್ತವೆ.

ಡಿ.ಟಿ.ಪಿ.ಯವರು ಮಾಡುವುದು ಬದಲಿ ಗುರುತಿನ ಉಪಾಯ. ಡಿಗ್ರಿ ಜಾಗದಲ್ಲೆಲ್ಲಾ @ ಹೊಡೆಯುತ್ತಾ ಹೋಗಿ: 14@47'. ಎಲ್ಲಾ ಮುಗಿದ ಮೇಲೆ ಕಂಟ್ರೋಲ್ ಎಚ್ ಒತ್ತಿ @ ತೆಗೆದು ° ಹಾಕಿ. ಎಷ್ಟೇ ಇದ್ದರೂ ಒಂದೇ ಏಟು. ಎರಡು ಎಚ್ಚರಿಕೆ ಮಾತ್ರ. ಕೋಷ್ಟಕ ಅಷ್ಟನ್ನೇ ಸೆಲೆಕ್ಟ್ ಮಾಡಿ ಬದಲಿಸಿ, ಇಲ್ಲದಿದ್ದರೆ ಮೊದಲ ಪುಟದ ಈಮೇಲ್ ವಿಳಾಸಕ್ಕೂ ಡಿಗ್ರಿ ಸಿಗುತ್ತದೆ. ಎಕ್ಸೆಲ್‌ನಲ್ಲಿ ಬದಲಿ ಗುರುತಾಗಿ ~ ಬಳಸಬೇಡಿ. ಹುಡುಕುವಾಗ ಎಕ್ಸೆಲ್ ಅದಕ್ಕೆ ಬೇರೆ ಅರ್ಥ ಕೊಡುತ್ತದೆ.

ತಿಂಗಳುಗಟ್ಟಲೆ ಇದೇ ಕೆಲಸ ಇರುವವರು ಆಟೋಕರೆಕ್ಟ್‌ನಲ್ಲಿ ಒಂದು ಸಂಕ್ಷೇಪ ಮಾಡಿಟ್ಟುಕೊಳ್ಳಬಹುದು. ಕಂಸದೊಳಗೆ ಇಂಗ್ಲಿಷಿನ ಸಿ ಹೊಡೆದರೆ © ಆಗುತ್ತದಲ್ಲ, ಅದೇ ಮಾದರಿಯಲ್ಲಿ ಕಂಸದೊಳಗೆ ಡಿ ಹೊಡೆದರೆ ° ಬರುವಂತೆ ಮಾಡಿ. ಕಂಸ ಯಾಕೆ ಎಂದರೆ, ಬರೀ ಅಕ್ಷರಗಳ ಸಂಕ್ಷೇಪ ಇಟ್ಟರೆ ಅದು ಪಕ್ಕದ ಅಂಕಿಗೆ ಅಂಟಿಕೊಂಡು ಒಂದೇ ಪದವಾಗುತ್ತದೆ, ಆಟೋಕರೆಕ್ಟ್ ಗುರುತು ಹಿಡಿಯುವುದಿಲ್ಲ. ವರ್ಡ್‌ನಲ್ಲಿ ಮಾಡಿದ್ದು ಎಕ್ಸೆಲ್‌ನಲ್ಲೂ ಸಿಗುತ್ತದೆ. ಬೇರೆಯವರ ಕಂಪ್ಯೂಟರ್‌ಗೆ ಮಾತ್ರ ನಿಮ್ಮ ಜೊತೆ ಬರುವುದಿಲ್ಲ.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಎಕ್ಸೆಲ್‌ನ ಒಂದು ದಾರಿ. ಇದರಲ್ಲಿ ಗುರುತು ಒಂದನ್ನೂ ಸಾಲುಸಾಲಾಗಿ ಹೊಡೆಯುವುದಿಲ್ಲ. ಡಿಗ್ರಿಯೂ ಅರವತ್ತರ ಲೆಕ್ಕ, ಗಡಿಯಾರವೂ ಅರವತ್ತರ ಲೆಕ್ಕ ಅಲ್ವಾ? ಹಾಗಾಗಿ ಟೈಮ್ ಬರೆದಂತೆ 15:21:53 ಎಂದು ಹೊಡೆಯಿರಿ. ಇಡೀ ಕಾಲಂ ಹೀಗೇ ತುಂಬಿ. ಆಮೇಲೆ ಕಾಲಂ ಸೆಲೆಕ್ಟ್ ಮಾಡಿ, ಫಾರ್ಮ್ಯಾಟ್ ಸೆಲ್ಸ್‌ನ ಕಸ್ಟಮ್ ಪಟ್ಟಿಯಲ್ಲಿ ಗಂಟೆಯ ಅಕ್ಷರ ಚೌಕ ಕಂಸದೊಳಗೆ ಇರುವ ಟೈಮ್ ಫಾರ್ಮ್ಯಾಟ್ ಆರಿಸಿ. ಅದರಲ್ಲಿ ಮೊದಲ ಕೋಲನ್ ತೆಗೆದು ಆ ಜಾಗದಲ್ಲಿ ಡಬಲ್ ಕೋಟ್ ಒಳಗೆ ° ಹಾಕಿ. ಎರಡನೇ ಕೋಲನ್ ಬದಲು ಹಾಗೇ ಕೋಟ್ ಒಳಗೆ ′, ಕೊನೆಯಲ್ಲಿ ″. ಓಕೆ ಒತ್ತಿದರೆ ಇಡೀ ಕಾಲಂ 15°21′53″ ಎಂದು ಮುಖ ತೊಳೆದುಕೊಂಡು ಬರುತ್ತದೆ.

ಚೌಕ ಕಂಸ ಬಿಟ್ಟಿರೋ, ಕೆಟ್ಟಿರಿ. ಅದಿಲ್ಲದಿದ್ದರೆ ಎಕ್ಸೆಲ್ 24 ಗಂಟೆ ಆದ ಮೇಲೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಅಕ್ಷಾಂಶ 15 ಅಲ್ವಾ, ಅದು ಸರಿಯಾಗೇ ಕಾಣುತ್ತದೆ. ರೇಖಾಂಶದ 75 ಮಾತ್ರ 3 ಆಗಿ ಕೂತಿರುತ್ತದೆ. ಮೇಲಿನ ಪಟ್ಟಿಯಲ್ಲಿ 1900ನೇ ಇಸವಿಯ ಜನವರಿ 3 ಎಂದು ಕಂಡರೆ ಹೆದರಬೇಡಿ. 75 ಗಂಟೆಯನ್ನು ಎಕ್ಸೆಲ್ ತನ್ನ ಪಾಡಿಗೆ ದಿನ ಮಾಡಿಕೊಂಡಿರುತ್ತದೆ, ಅಷ್ಟೇ.

ಈ ದಾರಿಯ ದೊಡ್ಡ ಲಾಭ ಇನ್ನೊಂದಿದೆ. ಪಕ್ಕದ ಕಾಲಂನಲ್ಲಿ ಇದನ್ನೇ 24ರಿಂದ ಗುಣಿಸಿ, ಫಾರ್ಮ್ಯಾಟ್ ಜನರಲ್ ಮಾಡಿದರೆ ದಶಾಂಶದ ಡಿಗ್ರಿ ಸಿಗುತ್ತದೆ. ಪ್ರಿಂಟಿಗೆ ಒಂದು ಕಾಲಂ, ಮ್ಯಾಪ್‌ಗೆ ಒಂದು ಕಾಲಂ. ಒಂದೇ ಸಲ ಹೊಡೆದದ್ದು ಎರಡೂ ಕಡೆ ಸಲ್ಲುತ್ತದೆ. ಫೀಲ್ಡ್ ಕೆಲಸದ ಥೀಸಿಸ್ ಬರೆಯುವವರಿಗೆ ನಾನು ಈಗ ಇದನ್ನೇ ಹೇಳುವುದು. ಮೊದಲ ದಿನ ಅರ್ಧ ತಾಸು ಹೋಗುತ್ತದೆ, ಆಮೇಲೆ ಪೂರ್ತಿ ಉಳಿತಾಯ.

ಮಷೀನ್‌ಗೆ ಕೊಡಲು ಸಿಎಸ್‌ವಿ ಫೈಲ್ ಮಾಡುವಾಗ ದಶಾಂಶದ ಕಾಲಂ ಮಾತ್ರ ಇಟ್ಟುಕೊಳ್ಳಿ. ಗುರುತು ಇರುವ ಕಾಲಂ ಬೇಕೇ ಬೇಕೆಂದರೆ ಯುಟಿಎಫ್-8 ಎಂದಿರುವ ಸಿಎಸ್‌ವಿಯನ್ನೇ ಆರಿಸಿ ಸೇವ್ ಮಾಡಿ. ಇಲ್ಲವಾದರೆ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಡಿಗ್ರಿಯ ಜಾಗದಲ್ಲಿ ಏನೇನೋ ವಿಚಿತ್ರ ಅಕ್ಷರ ಬಂದು ಕೂತಿರಬಹುದು.

ಕನ್ನಡದ ಫೈಲ್ ಆದರೆ

ಇಂಗ್ಲಿಷ್ ಥೀಸಿಸ್‌ಗೆ ಮೇಲಿನ ಯಾವುದಾದರೂ ನಡೆದೀತು. ಕನ್ನಡದಲ್ಲಿ ಬರೆಯುವವರು ಮೊದಲು ಫಾಂಟ್ ನೋಡಿಕೊಳ್ಳಬೇಕು.

ಯೂನಿಕೋಡ್ ಆದರೆ ಚಿಂತೆ ಇಲ್ಲ. ತುಂಗಾ, ನಿರ್ಮಲಾ, ನೋಟೋ, ಯಾವುದೇ ಇರಲಿ, ಕನ್ನಡದ ಪಕ್ಕದಲ್ಲೇ ° ಆರಾಮಾಗಿ ಕೂರುತ್ತದೆ. ಟೈಪ್ ಮಾಡುವಾಗ ಮಾತ್ರ ಇಂಗ್ಲಿಷ್‌ಗೆ ಬದಲಿಸಿಕೊಳ್ಳಿ. ಇನ್‌ಸ್ಕ್ರಿಪ್ಟ್ ಕೀಬೋರ್ಡಿನಲ್ಲಿ ' ಕೀ ಒತ್ತಿದರೆ ಬರುವುದು 'ಟ', ಶಿಫ್ಟ್ ಹಿಡಿದರೆ 'ಠ'. ಹಾಗಾಗಿ 23' ಹೊಡೆಯಲು ಹೋದರೆ 23ಟ ಆಗುತ್ತದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ನುಡಿ, ಬರಹದ ಹಳೆಯ ಫಾಂಟ್‌ಗಳ ಕಥೆ ಬೇರೆ. ಅವು ಯೂನಿಕೋಡ್ ಬರುವ ಮೊದಲಿನವು. ಇಂಗ್ಲಿಷಿನ ಅಕ್ಷರ, ಚಿಹ್ನೆಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ತುಂಬಿಟ್ಟಿದ್ದಾರೆ. ಪ್ರೆಸ್‌ನವರು, ಎಷ್ಟೋ ಆಫೀಸಿನವರು ಈಗಲೂ ಅದರಲ್ಲೇ ಕೆಲಸ ಮಾಡುತ್ತಾರೆ, ಬೇಡ ಎನ್ನುವಂತಿಲ್ಲ. ಅಲ್ಲಿ ನೀವು ಯಾವ ದಾರಿಯಲ್ಲಿ ° ತಂದರೂ ಕಾಣುವುದು 'ಲಿ'ಯೇ. ಗುರುತಿಗೆ ಮತ್ತು ಇಂಗ್ಲಿಷ್ ಅಕ್ಷರಕ್ಕೆ ಟೈಮ್ಸ್ ನ್ಯೂ ರೋಮನ್‌ನಂಥ ಇಂಗ್ಲಿಷ್ ಫಾಂಟ್ ಹಾಕಬೇಕು, ಮತ್ತೆ ಯಾರೂ ಇಡೀ ಫೈಲ್‌ಗೆ ಫಾಂಟ್ ಬದಲಿಸದಂತೆ ಕಾಯಬೇಕು. ಅಷ್ಟು ಕಾಯಲು ಆಗುವುದಿಲ್ಲ ಎಂದರೆ '15 ಡಿಗ್ರಿ 23 ಮಿನಿಟ್ ಉತ್ತರ' ಎಂದು ಅಕ್ಷರದಲ್ಲೇ ಬರೆದುಬಿಡಿ. ಕೋಷ್ಟಕದಲ್ಲಾದರೆ ಮೇಲಿನ ಸಾಲಿನಲ್ಲಿ ಡಿಗ್ರಿ, ಮಿನಿಟ್, ಸೆಕೆಂಡ್ ಎಂದು ಮೂರು ಕಾಲಂ ಮಾಡಿ, ಕೆಳಗೆ ಬರೀ ಅಂಕಿ. ನೋಡಲು ಸ್ವಲ್ಪ ಅಗಲ ಜಾಸ್ತಿ. ಆದರೆ ಯಾವ ಫಾಂಟ್ ಬಂದರೂ ಅಂಕಿಗೆ ಏನೂ ಆಗುವುದಿಲ್ಲ. ಪ್ರೆಸ್‌ಗೆ ಹೋಗುವ ಕನ್ನಡ ಪುಸ್ತಕವಾದರೆ ನಾನು ಹಿಡಿಯುವುದು ಇದೇ ದಾರಿ.

ಆ ಹುಡುಗನ ಥೀಸಿಸ್‌ಗೆ ಬಂದರೆ, ಅವನು ನನ್ನ ಹತ್ತಿರ ಬರುವ ಮೊದಲೇ ತಾನೇ ರಿಪೇರಿ ಮಾಡಲು ಹೋಗಿದ್ದ. ಕಂಟ್ರೋಲ್ ಎಚ್ ಒತ್ತಿ, ಫೈಲ್‌ನಲ್ಲಿರುವ ಡಿಗ್ರಿಗಳಿಗೆಲ್ಲಾ ಟೈಮ್ಸ್ ಫಾಂಟ್ ಹಾಕು ಎಂದು ಹೇಳಿದ್ದ. ವರ್ಡ್ ಪ್ರಾಮಾಣಿಕವಾಗಿ ಹಾಕಿತ್ತು. ಕೋಷ್ಟಕದಲ್ಲಿ ಡಿಗ್ರಿ ಗುರುತು ಚೆನ್ನಾಗಿಯೇ ಬಂದಿತ್ತು. ಆದರೆ ಥೀಸಿಸ್‌ನಲ್ಲಿದ್ದ 'ಲಿ'ಗಳೂ ಫೈಲ್‌ನ ಒಳಗೆ ಡಿಗ್ರಿಗಳೇ ಅಲ್ಲವೇ? ಪೆನ್ ಡ್ರೈವ್‌ನ ಇನ್ನೊಂದು ಫೈಲ್ ತೆರೆದು ತೋರಿಸಿದ. ಮೂರನೇ ಅಧ್ಯಾಯದ ತಲೆಬರಹ: 'ಶಾಸನಗಳ °ಪಿ'.

ಇಬ್ಬರೂ ಸ್ವಲ್ಪ ಹೊತ್ತು ನಕ್ಕೆವು. ಆ ಫೈಲ್ ಪಕ್ಕಕ್ಕಿಟ್ಟು ಮೊದಲಿನ ಫೈಲ್ ತೆಗೆದೆ. ಕೋಷ್ಟಕದ ಕೊನೆಯ ಎರಡು ಕಾಲಂ ಮಾತ್ರ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಿದೆ. ಲಕ್ಕುಂಡಿಯ ಸಾಲನ್ನು ಮ್ಯಾಪ್‌ಗೆ ಹಾಕಿ ಪಿನ್ ಎಲ್ಲಿ ಬಿತ್ತು ಎಂದು ನೋಡಿದೆವು. ಊರಲ್ಲೇ ಬಿದ್ದಿತ್ತು. ಹೇಳಿದ್ದ ಚಹಾ ಇನ್ನೂ ಬಂದಿರಲಿಲ್ಲ.